ಹೆಸರಿಲ್ಲದ ಹಳೆಯ ಫೋಟೋಗಳಿಗೆ ಊರವರಿಂದ ವಿವರ ಬರೆಸುವುದು ಹೇಗೆ?

ತಾಲ್ಲೂಕಿನ ಗ್ರಂಥಾಲಯ, ಹಳೆಯ ಹೈಸ್ಕೂಲು, ಸಹಕಾರ ಸಂಘ, ಮಠ, ಈಗಿನ ಅರಿವು ಕೇಂದ್ರ, ಯಾವುದೇ ಇರಲಿ, ಬೀರುವಿನ ತಳದಲ್ಲಿ ಒಂದು ಕಟ್ಟು ಫೋಟೋ ಸಿಕ್ಕೇ ಸಿಗುತ್ತದೆ. ರಿಜಿಸ್ಟರಿನಲ್ಲಿ ಅದರ ವಿವರ ಒಂದೇ ಸಾಲು: 'ಹಳೆಯ ಫೋಟೋಗಳು, 1 ಕಟ್ಟು.' ಅದರೊಳಗಿನ ಮುಖಗಳನ್ನು ಗುರುತಿಸುವುದು ವರ್ಗವಾಗಿ ಬಂದ ಗ್ರಂಥಪಾಲಕರ ಕೈಯಲ್ಲಾಗದು. ಅದು ಗೊತ್ತಿರುವುದು ನಿವೃತ್ತ ಮೇಷ್ಟ್ರಿಗೆ, ಬಸ್ ಸ್ಟ್ಯಾಂಡಿನ ಹಳೆಯ ಏಜೆಂಟರಿಗೆ, ಫೋಟೋ ಸ್ಟುಡಿಯೋ ಇಟ್ಟಿದ್ದವರ ಮನೆಯವರಿಗೆ. ಅವರನ್ನು ಕೇಳಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೇಳಿದ್ದನ್ನು ಹೇಗೆ ದಾಖಲಿಸಬೇಕು ಎಂಬಲ್ಲಿ ಮಾತ್ರ ಹೆಚ್ಚಿನ ಪ್ರಯತ್ನಗಳು ಎಡವುತ್ತವೆ.

ದೊಡ್ಡ ಮಟ್ಟದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್. 2008ರ ಜನವರಿಯಲ್ಲಿ ಅದು ಫೋಟೋ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್‌ನಲ್ಲಿ ಸುಮಾರು 3,000 ಫೋಟೋ ಇಟ್ಟು, ಗೊತ್ತಿದ್ದವರು ವಿವರ ಬರೆಯಿರಿ ಎಂದಿತು. ಅದರಲ್ಲಿ ಅರ್ಧದಷ್ಟು ಬೇನ್ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳು. ಅವಕ್ಕಿದ್ದ ವಿವರವೆಂದರೆ ನೆಗೆಟಿವ್ ಮೇಲೆಯೇ ಬರೆದಿದ್ದ ಒಂದೆರಡು ಪದ ಅಷ್ಟೇ. ಆ ಅಕ್ಟೋಬರ್ ವೇಳೆಗೆ ಫೋಟೋಗಳು 4,615 ಆಗಿದ್ದವು, ಅವಕ್ಕೆ 7,166 ಟಿಪ್ಪಣಿ ಮತ್ತು 67,000ಕ್ಕೂ ಹೆಚ್ಚು ಟ್ಯಾಗ್ (ಹುಡುಕಲು ನೆರವಾಗುವ ಪದ) ಬಂದಿದ್ದವು. ಅಸಭ್ಯವೆಂದು ತೆಗೆದುಹಾಕಬೇಕಾಗಿ ಬಂದದ್ದು 25ಕ್ಕಿಂತ ಕಡಿಮೆ. ಗ್ರಂಥಾಲಯದ ಸ್ವಂತ ಕ್ಯಾಟಲಾಗಿನಲ್ಲಿ ತಿದ್ದುಪಡಿ ಕಂಡದ್ದು 500ಕ್ಕೂ ಹೆಚ್ಚು ದಾಖಲೆ. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಜನ ಹಾಳುಮೂಳು ಬರೆಯುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಆದರೆ ಬಂದದ್ದರಲ್ಲಿ ಕ್ಯಾಟಲಾಗಿಗೆ ಸೇರುವುದು ಸಣ್ಣ ಪಾಲು, ಆ ಪಾಲನ್ನು ಆರಿಸಿ, ತಾಳೆ ನೋಡಿ, ಸೇರಿಸುವ ಕೆಲಸ ಸಿಬ್ಬಂದಿಯದೇ. ಜನರನ್ನು ಕರೆದರೆ ನಮ್ಮ ಕೆಲಸ ಹಗುರವಾಗುತ್ತದೆ ಎಂದುಕೊಂಡು ಹೊರಟವರು ಮೂರನೇ ತಿಂಗಳಿಗೆ ಕೈಬಿಡುತ್ತಾರೆ. ವಾರಕ್ಕೆ ಅರ್ಧ ದಿನವನ್ನಾದರೂ ಇದಕ್ಕೇ ಎತ್ತಿಡಲು ಒಬ್ಬರು ಸಿಗದಿದ್ದರೆ ಶುರು ಮಾಡದಿರುವುದೇ ಲೇಸು.

ಮೊದಲು ಸಂಖ್ಯೆ, ಆಮೇಲೆ ಸ್ಕ್ಯಾನ್

ಒಂದೇ ಆಲ್ಬಮ್ ಅಥವಾ ಒಂದೇ ಕಟ್ಟಿನಿಂದ 25 ಫೋಟೋ ಆರಿಸಿ ಪ್ರಯೋಗ ಮಾಡಿ. ಇಡೀ ಸಂಗ್ರಹಕ್ಕೆ ಒಮ್ಮೆಗೇ ಕೈ ಹಾಕಬೇಡಿ. ಆ 25ರಲ್ಲಿ ನಾಲ್ಕೈದು ನಿಮಗೆ ವಿವರ ಖಚಿತವಾಗಿ ಗೊತ್ತಿರುವಂಥವು ಇರಲಿ, ಅವಕ್ಕೂ ವಿವರ ಇಲ್ಲವೆಂಬಂತೆಯೇ ಬೆರೆಸಿಡಿ. ಯಾರ ನೆನಪು ಎಷ್ಟು ಗಟ್ಟಿ ಎಂಬುದು ಅವರನ್ನು ನೋಯಿಸದೆ ತಿಳಿಯುತ್ತದೆ.

ಪ್ರತಿ ಫೋಟೋಗೂ ಮುಂಚೆಯೇ ಒಂದು ಸಂಖ್ಯೆ ಬೇಕು: ಆಲ್ಬಮ್, ಪುಟ, ಫೋಟೋ, ಈ ಕ್ರಮದಲ್ಲಿ 03-017-02. ಅದರ ಹಿಂಬದಿಯ ಸ್ಕ್ಯಾನಿಗೆ 03-017-02-2. ಹಿಂಬದಿಯನ್ನು ಬಿಡಲೇಬೇಡಿ. ಸ್ಟುಡಿಯೋದ ಮೊಹರು, ಪೆನ್ಸಿಲ್ ಬರಹ, ಕೊನೆಗೆ ಅಂಟು ಹಾಕಿದ್ದ ಗುರುತು ಕೂಡ ಆಮೇಲೆ ಸಾಕ್ಷಿಯಾಗುತ್ತದೆ. ಫೋಟೋದ ಮೇಲೆ ಸಂಖ್ಯೆ ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದಲ್ಲಿ ಗೆರೆಯಾಗಿ ಏಳುತ್ತದೆ. ಕಪ್ಪು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳಲು ಹೋಗಬೇಡಿ. ಮೊದಲು ಇಡೀ ಪುಟವನ್ನು ಸ್ಕ್ಯಾನ್ ಮಾಡಿ, ಆಮೇಲೆ ಒಂದೊಂದೇ ಫೋಟೋ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿಯೇ.

ಪ್ರಿಂಟಿಗೆ 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕಿ, ಸಾಕು. ಮೂಲಪ್ರತಿಯನ್ನು ಟಿಫ್ (ಗುಣಮಟ್ಟ ಕುಗ್ಗದ ಚಿತ್ರ ಕಡತ) ಆಗಿ ಎರಡು ಕಡೆ ಇಡಿ. ಹಂಚಲು ಉದ್ದದ ಬದಿ ಸುಮಾರು 2,000 ಪಿಕ್ಸೆಲ್ ಇರುವ ಜೆಪೆಗ್ ಮಾಡಿ, ಚಿತ್ರದ ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ಸಂಖ್ಯೆ ಮತ್ತು ಗ್ರಂಥಾಲಯದ ಹೆಸರು ಹಾಕಿ. ಈ ಪಟ್ಟಿ ಸಣ್ಣ ವಿಷಯ ಅನ್ನಿಸಬಹುದು. ಆದರೆ ಫೋಟೋ ವಾಟ್ಸಾಪ್‌ನಲ್ಲಿ ನಾಲ್ಕು ಗುಂಪು ದಾಟಿ, ಹೆಸರು ಬದಲಾಗಿ, 'ಇದು ನಮ್ಮ ಸೋದರಮಾವ' ಎಂಬ ಉತ್ತರದೊಂದಿಗೆ ವಾಪಸು ಬಂದಾಗ, ಅದು ಯಾವ ಫೋಟೋ ಎಂದು ಹೇಳುವುದು ಆ ಪಟ್ಟಿಯೊಂದೇ. ಮುಖಗಳ ಮೇಲೆ ಅಡ್ಡಲಾಗಿ ವಾಟರ್‌ಮಾರ್ಕ್ ಬಳಿದರೆ ಗುರುತಿಸುವ ಕೆಲಸವೇ ಕೆಡುತ್ತದೆ.

ವಿವರಗಳನ್ನು ಎಕ್ಸೆಲ್‌ನಲ್ಲಿ ಇಡುವವರಿಗೆ ಒಂದು ಮಾತು. ಸಂಖ್ಯೆಯ ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಎಂದು ಬದಲಿಸಿ. ಇಲ್ಲವಾದರೆ ಅಡ್ಡಗೆರೆ ಇರುವ ಸಂಖ್ಯೆಯನ್ನು ಅದು ತಾರೀಖೆಂದು ಓದಿಬಿಡಬಹುದು, ಮೊದಲಿನ ಸೊನ್ನೆಯನ್ನು ನುಂಗಬಹುದು. ಸಿಎಸ್‌ವಿ (ಪಟ್ಟಿಯನ್ನು ಬರೀ ಪಠ್ಯವಾಗಿ ಇಡುವ) ಕಡತವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳ ನಮೂನೆ) ಆಗಿ ಉಳಿಸದಿದ್ದರೆ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಪರಿವರ್ತಿಸದೆ ಸೇರಿಸಿದರೆ ಮುಂದೆ ಹುಡುಕಿದಾಗ ಏನೂ ಸಿಗುವುದಿಲ್ಲ.

ಏನು ಕೇಳಬೇಕು

'ಈ ಫೋಟೋ ಬಗ್ಗೆ ನಿಮಗೆ ಗೊತ್ತಿದ್ದದ್ದನ್ನು ತಿಳಿಸಿ' ಎಂದರೆ ಬರುವುದು 'ತುಂಬಾ ಚೆನ್ನಾಗಿದೆ', ಜೊತೆಗೆ ಎರಡು ಕೈಮುಗಿದ ಚಿತ್ರ. ಸಣ್ಣ, ಉತ್ತರ ಹೇಳಬಹುದಾದ ಪ್ರಶ್ನೆ ಕೇಳಬೇಕು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2011ರಲ್ಲಿ ತನ್ನ ಹಳೆಯ ಹೋಟೆಲ್ ಮೆನುಗಳನ್ನು ಜನರ ಮುಂದಿಟ್ಟಾಗ ಕೇಳಿದ್ದು ಎರಡೇ: ತಿಂಡಿಯ ಹೆಸರೇನು, ಬೆಲೆ ಎಷ್ಟು. ನಿಮಿಷದಲ್ಲಿ ಮುಗಿಯುವ ಕೆಲಸ, ಹಾಗಾಗಿ ಜನ ಒಂದು ಮಾಡಿ ಇನ್ನೊಂದಕ್ಕೆ ಹೋದರು.

ನಮ್ಮ ಫೋಟೋಗಳಿಗೆ ಒಳ್ಳೆಯ ಪ್ರಶ್ನೆಗಳು ಹೀಗಿರುತ್ತವೆ: 'ಸಾರ್, ಹಿಂದೆ ಕಾಣೋ ಹೆಂಚಿನ ಕಟ್ಟಡ ಈಗ ಏನಾಗಿದೆ?' 'ಕುರ್ಚಿಯಲ್ಲಿ ಕೂತವರ ಪೈಕಿ ಎಡದಿಂದ ಮೂರನೆಯವರು ಯಾರು?' 'ಅಮ್ಮಾ, ಈ ಥರ ತೇರು ಕಟ್ಟೋದು ಯಾವ ಜಾತ್ರೆಗೆ?' ಜಾಗದ ಪ್ರಶ್ನೆಯಿಂದ ಶುರು ಮಾಡಿ. ಜಾಗ ಗುರುತಾದರೆ ಸಂದರ್ಭ ನೆನಪಾಗುತ್ತದೆ, ಸಂದರ್ಭ ನೆನಪಾದರೆ ಜನ. ಇಸವಿಯನ್ನು ನೇರವಾಗಿ ಕೇಳಿದರೆ ಎಲ್ಲರೂ ಒಂದು ದುಂಡು ಸಂಖ್ಯೆ ಹೇಳುತ್ತಾರೆ. 'ಆಗ ನಿಮಗೆ ಮದುವೆ ಆಗಿತ್ತಾ? ಊರಿಗೆ ಕರೆಂಟು ಬಂದಿತ್ತಾ?' ಎಂದು ಕೇಳಿ, ಇಸವಿ ತಾನಾಗಿ ಹತ್ತಿರ ಬರುತ್ತದೆ.

ಗುಂಪಿನ ಫೋಟೋಗೆ ಬಾಯಿಮಾತಿನ 'ಎಡದಿಂದ ಬಲಕ್ಕೆ' ಸಾಲದು. ಎ4 ಅಳತೆಗೆ ಪ್ರಿಂಟ್ ತೆಗೆದು, ಮೇಲೆ ಬಟರ್ ಪೇಪರ್ ಇಟ್ಟು, ಪ್ರತಿ ತಲೆಯ ಸುತ್ತ ಗೆರೆ ಎಳೆದು ಅಂಕಿ ಹಾಕಿ. ನೆಲದ ಮೇಲೆ ಕೂತ ಮಕ್ಕಳನ್ನೂ ಬಿಡಬೇಡಿ. ಆ ರೇಖಾಚಿತ್ರದ ಹತ್ತು ಜೆರಾಕ್ಸ್ ಪ್ರತಿ ಮಾಡಿಸಿದರೆ ಹತ್ತು ಜನ ಪ್ರತ್ಯೇಕವಾಗಿ ಹೆಸರು ತುಂಬಬಹುದು. ಅದಕ್ಕೂ ಮುಂಚೆ ಫೋಟೋ ತಿರುಗುಮುರುಗಾಗಿ ಅಚ್ಚಾಗಿದೆಯೇ ನೋಡಿಕೊಳ್ಳಿ. ನೆಗೆಟಿವ್‌ಅನ್ನು ಮಗುಚಿ ಪ್ರಿಂಟ್ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. ಬೋರ್ಡಿನ ಅಕ್ಷರ ಕಂಡರೆ ಸರಿ, ಇಲ್ಲದಿದ್ದರೆ ಗಂಡಸರ ಅಂಗಿಯ ಜೇಬು ನೋಡಿ: ತೊಟ್ಟವರ ಎಡ ಎದೆಯ ಮೇಲೆ, ಅಂದರೆ ನೋಡುವ ನಮಗೆ ಬಲಕ್ಕೆ ಇರಬೇಕು.

ಹೆಸರು ಬರೆದುಕೊಳ್ಳುವಾಗ ಎರಡು ಕಡೆ ಎಚ್ಚರ. 'ದೊಡ್ಡಮೇಷ್ಟ್ರು', 'ಟೈಲರ್ ಸೀನಪ್ಪ' ಎಂಬ ಅಡ್ಡಹೆಸರನ್ನು ಹಾಗೆಯೇ ಉಳಿಸಿಕೊಳ್ಳಿ, ಜೊತೆಗೆ ಪೂರ್ತಿ ಹೆಸರು, ಇನಿಷಿಯಲ್, ಮನೆತನದ ಹೆಸರನ್ನೂ ಕೇಳಿ. ಊರವರು ಹುಡುಕುವುದು ಅಡ್ಡಹೆಸರಿನಲ್ಲೇ. ಎರಡನೆಯದು ಇನ್ನೂ ಮುಖ್ಯ: ಹೆಂಗಸರ ವಿಷಯಕ್ಕೆ ಬಂದರೆ 'ಪಟೇಲರ ಹೆಂಡತಿ', 'ಡಾಕ್ಟರ ತಾಯಿ' ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಅಲ್ಲೇ ನಿಲ್ಲಿಸಿ, 'ಅವರ ಹೆಸರೇನು?' ಎಂದು ಕೇಳಬೇಕು. ಅಲ್ಲಿದ್ದ ಗಂಡಸರಿಗೆ ಗೊತ್ತಿಲ್ಲದಿದ್ದರೆ ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಆದ್ದರಿಂದ ಸಭೆಗೆ ಅವರೂ ಬರಲು ಅನುಕೂಲವಾದ ಹೊತ್ತನ್ನೇ ಇಟ್ಟುಕೊಳ್ಳಿ. ಮಧ್ಯಾಹ್ನ ಮೂರರಿಂದ ಐದು ಸಾಮಾನ್ಯವಾಗಿ ಸರಿಹೋಗುತ್ತದೆ.

ಕೂಡಿಸಿ ಕೇಳುವುದು

ಆನ್‌ಲೈನ್ ಫಾರ್ಮು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಊರಿನವರಿಗೆ ಒಳ್ಳೆಯದು. ಎಪ್ಪತ್ತು ದಾಟಿದವರಿಗೆ ವಾಚನಾಲಯದ ಮೇಜೇ ಸರಿ. ಎರಡು ಗಂಟೆಗೆ 15ರಿಂದ 20 ಫೋಟೋ ಮಿತಿ, ಅದಕ್ಕಿಂತ ಹೆಚ್ಚಾದರೆ ಕೊನೆಯ ಫೋಟೋಗಳಿಗೆ ಬರೀ ಹೂಂಗುಟ್ಟುವಿಕೆ. ಮೇಜಿನ ಮೇಲೆ ಪ್ರಿಂಟ್ ಪ್ರತಿಗಳು ಮಾತ್ರ, ಮೂಲ ಫೋಟೋ ಬೀರುವಿನಲ್ಲೇ ಇರಲಿ. ಭೂತಗನ್ನಡಿ ಎರಡು, ಒಳ್ಳೆಯ ಬೆಳಕು, ಮೂರು ಜನಕ್ಕೆ ಒಬ್ಬರಂತೆ ಬರೆದುಕೊಳ್ಳುವವರು.

ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರೆ ದೊಡ್ಡ ದನಿಯವರೊಬ್ಬರು ಮೊದಲು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಕಾಗದದ ಮೇಲೆ ಅದು ಐದು ಜನರ ಸಾಕ್ಷಿ, ನಿಜದಲ್ಲಿ ಒಬ್ಬರದೇ. ಹಾಗಾಗಿ ಮೊದಲ ಸುತ್ತಿನಲ್ಲಿ ಪ್ರತ್ಯೇಕವಾಗಿ ಚೀಟಿಯಲ್ಲಿ ಬರೆಸಿ, ಎರಡನೇ ಸುತ್ತಿನಲ್ಲಿ ಒಟ್ಟಿಗೆ ಮಾತಾಡಲಿ. ಇದೇ ಕಾರಣಕ್ಕೆ ಆನ್‌ಲೈನ್ ಫಾರ್ಮಿನಲ್ಲೂ ಹಿಂದಿನವರ ಉತ್ತರ ಕಾಣದಂತೆ ಇಡಿ. ವಾಟ್ಸಾಪ್ ಗುಂಪು ಜನರನ್ನು ಎಬ್ಬಿಸಲು ಚೆನ್ನ, ದಾಖಲಿಸಲು ಅಲ್ಲ. ಅಲ್ಲಿ ಯಾರಾದರೂ ಗುರುತಿಸಿದರೆ ಅವರಿಗೆ ಫೋನ್ ಮಾಡಿ ಚೀಟಿ ತುಂಬಿಸಿಕೊಳ್ಳಿ.

ಚೀಟಿಯಲ್ಲಿ ಇರಬೇಕಾದದ್ದು ಇಷ್ಟು: ಫೋಟೋ ಸಂಖ್ಯೆ, ಏನನ್ನು ಗುರುತಿಸಿದರು, ಹೇಗೆ ಗೊತ್ತು, ಹೇಳಿದವರ ಹೆಸರು, ಫೋನು, ಹೆಸರನ್ನು ಕ್ಯಾಟಲಾಗಿನಲ್ಲಿ ಹಾಕಲು ಒಪ್ಪಿಗೆ ಉಂಟೇ ಇಲ್ಲವೇ, ತಾರೀಖು. ಇದರಲ್ಲಿ 'ಹೇಗೆ ಗೊತ್ತು' ಎಂಬುದಕ್ಕೆ ಮೂರೇ ಆಯ್ಕೆ ಕೊಡಿ: ಕಂಡದ್ದು, ಕೇಳಿದ್ದು, ಊಹೆ. ಇಡೀ ಚೀಟಿಯಲ್ಲಿ ಬೆಲೆಬಾಳುವ ಕಾಲಮ್ಮು ಇದೇ. ಇದು ಖಾಲಿ ಇದ್ದ ಚೀಟಿಯನ್ನು ವಾಪಸು ಕೊಟ್ಟು ತುಂಬಿಸಿ.

ಇಸವಿಯನ್ನು ಪರೀಕ್ಷಿಸುವುದು

ಜನರ ನೆನಪು ಹೆಸರಿನಲ್ಲಿ ಗಟ್ಟಿ, ಇಸವಿಯಲ್ಲಿ ಸಡಿಲ. ಫೋಟೋದೊಳಗಿನ ವಸ್ತುಗಳನ್ನೇ ಸಾಕ್ಷಿ ಮಾಡಿಕೊಳ್ಳಬೇಕು. ಸ್ಟುಡಿಯೋ ಮೊಹರಿನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಸರ್ಕಾರಿ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ರ ನಾಮಕರಣಕ್ಕೆ ಮುಂಚಿನದು, ಇಲ್ಲವೇ ಬೋರ್ಡು ಬದಲಿಸಲು ಮರೆತ ಆಮೇಲಿನ ಕೆಲವು ತಿಂಗಳು. ಬಸ್ಸಿನ ಮೈಮೇಲೆ 'ಎಂಎಸ್‌ಆರ್‌ಟಿಸಿ' (ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ) ಕಂಡರೆ 1961ರಿಂದ 1973ರ ನಡುವೆ, ವಾಹನದ ಸಂಖ್ಯೆ 'ಕೆಎ'ಯಿಂದ ಶುರುವಾದರೆ 1989ರ ನಂತರ. ಅಂಗಡಿಯ ಬೆಲೆಪಟ್ಟಿಯಲ್ಲಿ ಆಣೆ ಮಾತ್ರ ಇದ್ದರೆ 1957ರ ಏಪ್ರಿಲ್ ಆಸುಪಾಸಿನವರೆಗೆ ಎನ್ನಬಹುದು.

ಖಾದಿ ಟೋಪಿಯವರ ಗುಂಪು ಕಂಡರೆ ಸಾಕು, 'ಗಾಂಧೀಜಿ ನಮ್ಮೂರಿಗೆ ಬಂದಾಗಿನದು' ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಬಾವುಟ ನೋಡಿ. ಚರಕದ ಬದಲು ಚಕ್ರವಿದ್ದರೆ ಅದು 1947ರ ಜುಲೈ 22ರ ನಂತರದ್ದು. ಆಗಿನಿಂದ ಹತ್ಯೆಯಾಗುವವರೆಗೆ ಗಾಂಧೀಜಿ ಈ ಕಡೆಗೆ ಬಂದೇ ಇಲ್ಲ. ಹೇಳಿದವರ ಮಾತನ್ನು ತಳ್ಳಿಹಾಕಬೇಡಿ, ಚೀಟಿಯಲ್ಲಿ ಹಾಗೆಯೇ ಇರಲಿ. ಕ್ಯಾಟಲಾಗಿಗೆ ಮಾತ್ರ ಹೋಗುವುದಿಲ್ಲ.

ಆಹ್ವಾನ ಪತ್ರಿಕೆ, ಶಿಲಾಫಲಕ, ಲೆಕ್ಕದ ಪುಸ್ತಕಗಳಲ್ಲಿ ಸಂವತ್ಸರದ ಹೆಸರೊಂದೇ ಇರುವುದುಂಟು. ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ: ಕ್ರೋಧಿ ಎಂದರೆ 1904-05 ಆಗಬಹುದು, 1964-65 ಆಗಬಹುದು, 2024-25 ಕೂಡ. ಮಿಕ್ಕ ಸಾಕ್ಷಿ ಸೇರಿಸಿ ತೀರ್ಮಾನಿಸಬೇಕು. ಸಂವತ್ಸರ ಯುಗಾದಿಯಿಂದ ಶುರುವಾಗುವುದರಿಂದ ಪುಷ್ಯ, ಮಾಘದ ತಿಥಿ ಇದ್ದರೆ ಇಸವಿ ಮುಂದಿನದಕ್ಕೆ ಜಾರಿರಬಹುದು ಎಂಬುದನ್ನೂ ನೋಡಿ. ಕಲಬುರಗಿ, ರಾಯಚೂರು ಕಡೆಯ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ) ಸಿಗುತ್ತದೆ. ಅದಕ್ಕೆ 590 ಕೂಡಿಸಿ: ಫಸಲಿ 1350 ಎಂದರೆ 1940-41.

ಕ್ಯಾಟಲಾಗಿಗೆ ಏನು ಹೋಗಬೇಕು, ಎಲ್ಲಿ

ಒಬ್ಬರಿಗೊಬ್ಬರು ಕೇಳಿಸಿಕೊಳ್ಳದ ಇಬ್ಬರು 'ಕಂಡದ್ದು' ಎಂದು ಒಂದೇ ಮಾತು ಹೇಳಿದರೆ, ಅಥವಾ ಒಬ್ಬರ ಮಾತಿಗೆ ಲಿಖಿತ ಸಾಕ್ಷಿ (ಶಾಲೆಯ ಹಾಜರಿ ಪುಸ್ತಕ, ಸ್ಮರಣ ಸಂಚಿಕೆ, ಪತ್ರಿಕೆಯ ಸುದ್ದಿ) ಸಿಕ್ಕರೆ, ಮುಖ್ಯ ವಿವರಕ್ಕೆ ಸೇರಿಸಿ. ಒಬ್ಬರೇ ಹೇಳಿದ್ದರೆ ಟಿಪ್ಪಣಿಯಲ್ಲಿ, ಹೇಳಿದವರ ಆಧಾರದೊಂದಿಗೆ. ಇಬ್ಬರು ಬೇರೆಬೇರೆ ಹೇಳಿದರೆ ಎರಡನ್ನೂ ಬರೆಯಿರಿ. ಪಂಚಾಯಿತಿ ಕಟ್ಟೆಯ ಹಾಗೆ ಬಹುಮತದಿಂದ ತೀರ್ಮಾನಿಸುವ ವಿಷಯ ಅಲ್ಲ ಇದು. ಬರೀ ಊಹೆಗಳು ಚೀಟಿಯ ಕಡತದಲ್ಲೇ ಉಳಿಯಲಿ.

ಲೈಬ್ರರಿ ಆಫ್ ಕಾಂಗ್ರೆಸ್ ತಿದ್ದಿದ ದಾಖಲೆಗಳಲ್ಲಿ 'ಆಧಾರ: ಫ್ಲಿಕರ್ ಕಾಮನ್ಸ್ ಯೋಜನೆ, 2008' ಎಂಬ ಸಾಲು ಇರುತ್ತದೆ. ಅದೇ ಮಾದರಿ ಸಾಕು: 'ಎಡದಿಂದ ಮೂರನೆಯವರು ... (ಆಧಾರ: ಊರವರ ಗುರುತಿಸುವಿಕೆ, 2025, ಚೀಟಿ 14)'. ಚೀಟಿಯ ಸಂಖ್ಯೆ ಇದ್ದರೆ ಇಪ್ಪತ್ತು ವರ್ಷದ ನಂತರವೂ ಯಾರು, ಯಾವ ಬಲದ ಮೇಲೆ ಹೇಳಿದರು ಎಂದು ತೆಗೆದು ನೋಡಬಹುದು. ಮೂಲ ವಿವರವನ್ನು ಅಳಿಸಬೇಡಿ. ಆಲ್ಬಮ್ಮಿನಲ್ಲಿ ತಪ್ಪಾಗಿ ಬರೆದಿದ್ದರೂ ಅದು 'ಮೂಲ ಶೀರ್ಷಿಕೆ'ಯಾಗಿ ಉಳಿಯಬೇಕು.

ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವ ಕಡೆಗಳಲ್ಲಿ ಓದುಗರ ಟ್ಯಾಗ್ ಮತ್ತು ಟಿಪ್ಪಣಿಗಳು ಸಿಬ್ಬಂದಿ ಒಪ್ಪಿದ ಮೇಲಷ್ಟೇ ಕಾಣುವಂತೆ ಇಡುವ ವ್ಯವಸ್ಥೆ ಇದೆ, ಅದನ್ನು ಆನ್ ಮಾಡಿಕೊಳ್ಳಿ. ಮಾರ್ಕ್ (ಕಾಲಮ್ಮುಗಳಿಗೆ ಅಂಕಿ ಕೊಟ್ಟಿರುವ ಕ್ಯಾಟಲಾಗ್ ನಮೂನೆ) ದಾಖಲೆಯಲ್ಲಿ ಆಧಾರದ ಟಿಪ್ಪಣಿ 500ನೇ ಕಾಲಮ್ಮಿಗೆ, ಜನ ಬಳಸಿದ ಪದಗಳು 653ಕ್ಕೆ. 653 ನಿಯಂತ್ರಣವಿಲ್ಲದ ಪದಗಳ ಜಾಗ, 'ಕೆರೆ ಏರಿ', 'ಹಗೇವು', 'ಸಂತೆಮಾಳ' ಇಂಥವಕ್ಕೆ ಹೇಳಿ ಮಾಡಿಸಿದ್ದು. ವಿಷಯ ಶೀರ್ಷಿಕೆಯ 650ರಲ್ಲಿ ಇವನ್ನು ತುರುಕಿದರೆ ಪಟ್ಟಿ ಕೆಡುತ್ತದೆ. ಊರಿನ ಹೆಸರಿಗೆ ಎರಡೂ ರೂಪ ಕೊಡಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ, ವಿಜಯಪುರ ಆದರೂ ಹಳೆಯ ಕಾಗದ ಹುಡುಕುವವರು ಗುಲ್ಬರ್ಗ, ಬಿಜಾಪುರ ಎಂದೇ ಟೈಪ್ ಮಾಡುತ್ತಾರೆ. ಟೈಪಿಂಗಿನಲ್ಲಿ ಅನುಸ್ವಾರದ ಬದಲು ಕನ್ನಡ ಸೊನ್ನೆ, ಅರ್ಕಾವತ್ತಿನ ಬದಲು ಒಂಬತ್ತು ಹಾಕಿದ್ದು ಕಣ್ಣಿಗೆ ಒಂದೇ ಥರ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಇವೆರಡನ್ನೂ ಹುಡುಕಿ ಬದಲಿಸಿ.

ಕೈಬರಹವನ್ನು ಓದಿಸುವುದಾದರೆ

ನಡಾವಳಿ ಪುಸ್ತಕ, ಕಾಗದಪತ್ರಗಳ ನಕಲು ಮಾಡಿಸುವುದು ಬೇರೆಯೇ ಕೆಲಸ. ನಿಯಮ ಒಂದು ಪುಟ ದಾಟದಿರಲಿ: ಇದ್ದಂತೆ ಬರೆಯಿರಿ, 'ಯೆಂದು', 'ವೊಬ್ಬ' ಎಂದಿದ್ದರೆ ತಿದ್ದಬೇಡಿ, ಸಾಲು ಇದ್ದಲ್ಲೇ ಮುರಿಯಿರಿ, ಓದಲಾಗದ್ದನ್ನು ಚೌಕ ಕಂಸದಲ್ಲಿ 'ಅಸ್ಪಷ್ಟ' ಎಂದು ಹಾಕಿ ಮುಂದಕ್ಕೆ ಹೋಗಿ. ತಿದ್ದುವ ಚಪಲ ವಿದ್ಯಾವಂತರಿಗೇ ಹೆಚ್ಚು. ಮುದ್ರಿತ ಪುಸ್ತಕಕ್ಕೆ ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಓದುವ ತಂತ್ರಾಂಶ) ಬಳಸಿದರೆ ಘ-ಫ, ಥ-ಧ, ಪ-ಷ, ಮ-ವು ಜೋಡಿಗಳನ್ನೂ ಒತ್ತಕ್ಷರಗಳನ್ನೂ ಕಣ್ಣಿಟ್ಟು ನೋಡಿ, ತಪ್ಪುಗಳ ಬಹುಪಾಲು ಅಲ್ಲೇ. ಮುಂಬೈ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿ (ಮರಾಠಿಯ ಹಳೆಯ ಕೂಡುಬರಹ), ನಿಜಾಮರ ಕಡೆಯವುಗಳಲ್ಲಿ ಉರ್ದು ಇರುತ್ತದೆ. ಅವನ್ನು ಸಾಮಾನ್ಯ ಸ್ವಯಂಸೇವಕರಿಗೆ ಕೊಡದೆ ಬೇರ್ಪಡಿಸಿ.

ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿಗೆ ಹೊಸದಾಗಿ ತಂತ್ರಾಂಶ ಕಟ್ಟಿಸುವ ಅಗತ್ಯವೇ ಇಲ್ಲ, ಹಳೆಯ ಪುಸ್ತಕಗಳ ಮುಕ್ತ ಜಾಲತಾಣವಾದ ಕನ್ನಡ ವಿಕಿಸೋರ್ಸ್ ಇದೆ. ಅಲ್ಲಿ ಪುಟದ ಚಿತ್ರ ಒಂದು ಕಡೆ, ಪಠ್ಯ ಇನ್ನೊಂದು ಕಡೆ. ಓದಿ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಮತ್ತೊಬ್ಬರು ಪರಿಶೀಲಿಸಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಆಗುವುದಿಲ್ಲ. ನಿಮ್ಮದೇ ವ್ಯವಸ್ಥೆ ಮಾಡಿಕೊಂಡರೂ ಈ ಒಂದು ಕಟ್ಟಳೆಯನ್ನು ಎರವಲು ತೆಗೆದುಕೊಳ್ಳಿ.

ಹಾಕಬಾರದ್ದು

ಫೋಟೋದ ಪ್ರಿಂಟು ನಿಮ್ಮಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಫೋಟೋಗೂ ತೆಗೆದವರ ಆಯುಷ್ಯ ಮತ್ತು ಆಮೇಲಿನ 60 ವರ್ಷದ ಹಕ್ಕುಸ್ವಾಮ್ಯ ಇದೆ. ಅದಕ್ಕೂ ಮೊದಲೇ ಅವಧಿ ತೀರಿದ್ದವಕ್ಕೆ ಅದು ಮರುಜೀವ ಕೊಡುವುದಿಲ್ಲ. ಅನುಮಾನವಿದ್ದ ಫೋಟೋಗಳನ್ನು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸದೆ ವಾಚನಾಲಯದ ಮೇಜಿಗೆ ಸೀಮಿತಗೊಳಿಸಿ. ಬದುಕಿರುವವರ ಜಾತಿ, ವಿಳಾಸ, ಕಾಯಿಲೆ ಊರವರು ಹೇಳಿದರೂ ಬರೆದುಕೊಳ್ಳಬೇಡಿ. ಹಳೆಯ ಕಾಗದದಲ್ಲಿ ಒಂದು ಸಮುದಾಯವನ್ನು ಹೀಯಾಳಿಸುವ ಪದವಿದ್ದರೆ ನಕಲಿನಲ್ಲಿ ಇದ್ದಂತೆ ಇರಲಿ, ನೀವು ಬರೆಯುವ ವಿವರದಲ್ಲಿ ಬೇಡ. ಹೆಣದ ಮುಂದೆ ಮನೆಯವರನ್ನು ಕೂರಿಸಿ ತೆಗೆದ ಫೋಟೋಗಳು ಸಾಕಷ್ಟು ಸಿಗುತ್ತವೆ. ಮನೆಯವರು ಯಾರೆಂದು ಗೊತ್ತಾದರೆ ಅವರನ್ನು ಕೇಳದೆ ಆನ್‌ಲೈನ್ ಬೇಡ.

ಚೀಟಿಗಳಲ್ಲಿರುವ ಫೋನ್ ನಂಬರುಗಳನ್ನು ಸಾರ್ವಜನಿಕ ಶೀಟಿನಲ್ಲಿ ಇಡಬೇಡಿ, ಚೀಟಿ ಸಂಖ್ಯೆಯೊಂದಿಗೆ ಬೇರೆ ಕಡತದಲ್ಲಿರಲಿ. ಯಾರಾದರೂ ಬಂದು 'ನಮ್ಮಜ್ಜಿಯ ಫೋಟೋ ತೆಗೆದುಬಿಡಿ' ಎಂದರೆ ಮೊದಲು ಆನ್‌ಲೈನ್‌ನಿಂದ ತೆಗೆಯಿರಿ, ಚರ್ಚೆ ಆಮೇಲೆ. ತೆಗೆದ ತಾರೀಖು, ಕೇಳಿದವರ ಹೆಸರು, ಕಾರಣವನ್ನು ಅದೇ ಫೋಟೋ ಸಂಖ್ಯೆಯ ಮುಂದೆ ಬರೆದಿಡಿ. ಇಲ್ಲದಿದ್ದರೆ ಎರಡು ವರ್ಷದ ನಂತರ ಬಂದ ಹೊಸ ಸಿಬ್ಬಂದಿ ಅದನ್ನೇ ಮತ್ತೆ ಏರಿಸುತ್ತಾರೆ.